ಗಂಟಲವರೆಗೆ ತುಂಬಿಕೊಂಡವರಿಗೆ, ಎಡಗಡೆಯಿಂದ ಎತ್ತಿದವನ ಅರಿಕೆ

ಮಾನ್ಯರೇ,

ನಿಘಂಟು ಭವನದ ಘನ ನಿರ್ದೇಶಕರೂ, ಲಾಂಛನ ಸಮಿತಿಯ ಅಧ್ಯಕ್ಷರೂ, ಭವನದ ಹೊಸ ಊಟದ ಕೋಣೆಯ ಉದ್ಘಾಟಕರೂ, ಉದ್ಘಾಟನೆಯಾದ ಮೇಲೆ ಆ ಕೋಣೆಯನ್ನು ಒಂದು ದಿನವೂ ಬಣಗುಟ್ಟಲು ಬಿಡದ ಕರ್ತವ್ಯನಿಷ್ಠರೂ ಆದ ತಮ್ಮ ಸಮ್ಮುಖಕ್ಕೆ, ಹತ್ತೊಂಬತ್ತು ವರ್ಷ ಎರಡನೇ ಮೇಜಿನಲ್ಲಿ ಕುಳಿತು ಎರಡನೇ ಸಹಿ ಹಾಕಿ, ಎರಡು ತಿಂಗಳ ಹಿಂದಷ್ಟೇ ತಮ್ಮ ಕೃಪೆಯಿಂದ ಮೊದಲನೇ ಮೇಜಿಗೆ ಏರಿದ ಈ ಅಲ್ಪನ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಜೀರ್ಣಶಕ್ತಿಯೂ ಕ್ಷೇಮವಾಗಿರಲಿ ಎಂಬುದು ಭವನದ ಪ್ರತಿಯೊಬ್ಬ ನೌಕರನ ಹಾರೈಕೆ. ಅದು ಕೈಕೊಟ್ಟ ದಿನಗಳಲ್ಲಿ ಅದರ ಫಲ ಉಣ್ಣುವವರು ನಾವೇ ಆಗಿರುವುದರಿಂದ ಈ ಹಾರೈಕೆಯಲ್ಲಿ ಸ್ವಾರ್ಥವೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ.

ಭವನದೊಳಗಿನ ಮಾತನ್ನು ಪತ್ರಿಕೆಯಲ್ಲಿ ಬರೆಯುವುದು ಶಿಸ್ತಲ್ಲ, ನಿಜ. ಆದರೆ ಶಿಸ್ತಿನ ದಾರಿಯಲ್ಲಿ ನಾನು ಈಗಾಗಲೇ ಮೂರು ಸಲ ನಡೆದು ಬಂದಿದ್ದೇನೆ. ನಾನು ಸಲ್ಲಿಸಿದ ಮೊದಲ ಪತ್ರ 'ಗಮನಿಸಲಾಗಿದೆ' ಎಂಬ ಮುದ್ರೆ ಹೊತ್ತು ಮರಳಿತು. ಎರಡನೆಯದು ಅದೇ ಮುದ್ರೆಯ ಪಕ್ಕದಲ್ಲಿ ಒಂದು ಎಣ್ಣೆಬೆರಳಿನ ಗುರುತನ್ನೂ ಹೊತ್ತು ಬಂದಾಗ, ತಾವು ಅದನ್ನು ಸ್ವಹಸ್ತದಿಂದ ಮುಟ್ಟಿದ್ದೀರಿ ಎಂದು ಹಿಗ್ಗಿದೆ. ಮೂರನೆಯದು ಬರಲೇ ಇಲ್ಲ. ವಿಚಾರಿಸಲಾಗಿ ಅದು ಊಟದ ಕೋಣೆಯಲ್ಲಿ ಅಲುಗಾಡುವ ಮೇಜಿನ ಕಾಲಡಿ ನಾಲ್ಕು ಮಡಿಕೆಯಾಗಿ ಸೇವೆ ಸಲ್ಲಿಸುತ್ತಿದೆಯೆಂದು ತಿಳಿಯಿತು. ಆ ಮೂರೂ ಪತ್ರಗಳಲ್ಲಿ ನಾನು 'ದೊಡ್ಡ ಮನಸ್ಸು ಮಾಡಿ' ಎಂದು ಬೇಡಿಕೊಂಡಿದ್ದೆನೇ ಹೊರತು ಅಸಲು ಮಾತನ್ನು ಬರೆದಿರಲಿಲ್ಲ. ಅಸಲು ಮಾತಿಲ್ಲದ ಪತ್ರಕ್ಕೆ ಮೇಜಿನ ಕಾಲಡಿಗಿಂತ ಒಳ್ಳೆಯ ಜಾಗ ಯಾವುದಿದೆ? ಈ ಸಲ ಅದನ್ನು ಬರೆಯುತ್ತಿದ್ದೇನೆ.

ಪತ್ರಿಕೆಯ ಓದುಗರಿಗೆ ನಮ್ಮ ಕಸುಬು ಗೊತ್ತಿರಲಾರದು. ಇಂಗ್ಲಿಷಿನ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಹೇಳುವ ದೊಡ್ಡ ನಿಘಂಟೊಂದನ್ನು ಈ ಭವನ ಮೂವತ್ತೊಂದು ವರ್ಷಗಳಿಂದ ಕಟ್ಟುತ್ತಿದೆ. ಈಗ 'ಜಿ' ಅಕ್ಷರದಲ್ಲಿದ್ದೇವೆ. ಒಂದೊಂದು ಪದಕ್ಕೂ ಅಂಗೈಯಗಲದ ಒಂದು ಚೀಟಿ. ಚೀಟಿಯಲ್ಲಿ ಪದದ ಹುಟ್ಟು, ಅರ್ಥ, ಆ ಅರ್ಥವನ್ನು ತೋರಿಸುವ ಒಂದು ವಾಕ್ಯ. ಭವನವನ್ನು ಕಟ್ಟಿದ ಹಿರಿಯರು ಶಾಲಾ ಮೇಷ್ಟರಾಗಿದ್ದವರು. ಅಂಗಡಿಯ ನಿಘಂಟುಗಳಲ್ಲಿ ಯಾವ ಊರಿನಲ್ಲೂ ಯಾರೂ ಆಡದ ವಾಕ್ಯಗಳನ್ನು ಓದಿ ಓದಿ ರೋಸಿ ಹೋಗಿ, ನಮಗೊಂದು ಕಟ್ಟುಪಾಡು ಹಾಕಿಟ್ಟು ಹೋದರು. ನೋಡದ್ದನ್ನು ಬರೆಯಕೂಡದು, ಒಬ್ಬರೇ ನೋಡಿದ್ದನ್ನು ಅಚ್ಚು ಹಾಕಕೂಡದು. ಎಂದರೆ, ಚೀಟಿಯ ವಾಕ್ಯ ಬರೆದವರ ಕಣ್ಣೆದುರು ನಡೆದದ್ದಾಗಿರಬೇಕು, ಕೆಳಗೆ ದಿನ, ಜಾಗ, ಅವರ ಸಹಿ ಇರಬೇಕು, ಮತ್ತು ಆಗ ಅಲ್ಲಿದ್ದ ಇನ್ನೊಬ್ಬರು ಹೌದೆಂದು ಎರಡನೇ ಸಹಿ ಹಾಕಬೇಕು.

ಈ ಕಟ್ಟುಪಾಡಿನಿಂದಾಗಿ ನಾವು ಪಟ್ಟ ಪಾಡು ಒಂದೆರಡಲ್ಲ. ತುಂತುರು ಮಳೆಯ ಇಂಗ್ಲಿಷ್ ಪದಕ್ಕಾಗಿ ಇಬ್ಬರು ನೌಕರರು ಒಂದು ಮಧ್ಯಾಹ್ನವೆಲ್ಲ ತಾರಸಿಯ ಮೇಲೆ ನಿಂತು, ಬಂದದ್ದು ತುಂತುರಲ್ಲ ಜಡಿಮಳೆ ಎಂದು ತೊಪ್ಪೆಯಾಗಿ ಇಳಿದು ಬಂದರು. ತಮ್ಮ ಹಿಂದಿನ ನಿರ್ದೇಶಕರ ಕಾಲದಲ್ಲಿ 'ಫಂಬಲ್' ಎಂಬ ಪದಕ್ಕೆ ವಾಕ್ಯ ಸಿಗದೆ ಒದ್ದಾಡುತ್ತಿದ್ದಾಗ, ಅವರೇ ಒಂದು ಸಮಾರಂಭದಲ್ಲಿ ಬಹುಮಾನದ ಬಟ್ಟಲನ್ನು ಕೈಜಾರಿಸಿ ಮುಖ್ಯ ಅತಿಥಿಯ ಪಾದದ ಮೇಲೆ ಬೀಳಿಸಿದರು. ಅದು ಚೀಟಿಗೆ ಬಂತು. ಚೀಟಿ ಅವರ ಮುಂದೆ ಹೋದಾಗ ಅವರು ಕನ್ನಡಕ ಏರಿಸಿ ಓದಿ, ಬಿದ್ದು ಬಿದ್ದು ನಕ್ಕು, 'ನಾನೂ ಅಲ್ಲೇ ಇದ್ದೆನಲ್ಲ' ಎಂದು ಎರಡನೇ ಸಹಿಯನ್ನು ತಾವೇ ಹಾಕಿದರು. ಆ ವಾಕ್ಯ ಇಂದಿಗೂ 'ಎಫ್' ಸಂಪುಟದಲ್ಲಿದೆ. ಅಂಥ ಹಗುರ ಮನುಷ್ಯರ ಜಾಗದಲ್ಲಿ ತಮ್ಮಂಥ ತೂಕದವರು ಬಂದದ್ದು ಭವನದ ಕುರ್ಚಿಗಳ ಮಟ್ಟಿಗೆ ಒಂದು ಯುಗಾಂತರವೇ ಸರಿ.

ಇನ್ನು ಪದದ ವಿಷಯ. 'ಜಿ' ಅಕ್ಷರವನ್ನು ಪೂರ್ತಿಯಾಗಿ ಒಬ್ಬರೇ ಬರೆಯುತ್ತಿರುವವರು ನಾವೆಲ್ಲ ಚೀಟಿಯಕ್ಕ ಎಂದು ಕರೆಯುವ ಹಿರಿಯ ಸಹೋದ್ಯೋಗಿ. ನಾನು ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅವರ ಬಲಗೈಯ ಮಧ್ಯದ ಬೆರಳಿನಲ್ಲಿ ಶಾಯಿ ಆರಿದ್ದನ್ನು ನಾನು ಕಂಡಿಲ್ಲ. ಅವರು ಕಳೆದ ವರ್ಷ 'ಗಾರ್ಜ್ಡ್' ಎಂಬ ಪದಕ್ಕೆ ಬಂದರು. ಅದರ ಬೇರನ್ನು ಹುಡುಕುತ್ತ ಹೋದರೆ ಹಳೆಯ ಲ್ಯಾಟಿನ್ನಿನಲ್ಲಿ ನೀರಿನ ಸುಳಿ ಎಂಬ ಅರ್ಥ ಸಿಗುತ್ತದೆ. ಕಾಲಾಂತರದಲ್ಲಿ ಆ ಸುಳಿಯೇ ಎಲ್ಲವನ್ನೂ ಒಳಗೆಳೆಯುವ ಗಂಟಲಾಯಿತು. ಫ್ರೆಂಚರ ಬಾಯಲ್ಲಿ ಗಂಟಲು ಎಂದೇ ಉಳಿದು, ಇಂಗ್ಲಿಷಿಗೆ ದಾಟಿ ಬಂದು, ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಂದರವೂ ಆಯಿತು, ಬೇಟೆಯ ಗಿಡುಗದ ಕೊರಳಿನ ಚೀಲವೂ ಆಯಿತು, ಕಂಠಮಟ್ಟ ತಿನ್ನುವ ಕ್ರಿಯೆಯೂ ಆಯಿತು. ಸುಳಿಯ ಗುಣವೇ ಒಳಗೆ ಹೋದದ್ದನ್ನು ತಿರುಗಿ ಕೊಡದಿರುವುದು. ತಮ್ಮ ಕೋಣೆಗೆ ಹೋದ ಕಡತಗಳ ಅನುಭವವಿರುವ ನಮಗೆ ಈ ಮೂಲಾರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಅದೇ ಪದಕ್ಕೆ ಲಾಂಛನಶಾಸ್ತ್ರದವರು ಬೇರೊಂದು ಕೆಲಸ ಕೊಟ್ಟಿದ್ದಾರೆ. ರಾಜಮನೆತನಗಳ ಗುರಾಣಿಗಳ ಮೇಲೆ ಬಿಡಿಸುವ ಪ್ರಾಣಿಯ ಕತ್ತಿನ ಸುತ್ತ ಕಿರೀಟವನ್ನೋ ಪಟ್ಟಿಯನ್ನೋ ತೊಡಿಸಿದ್ದರೆ, ಆ ಪ್ರಾಣಿಯನ್ನು ವರ್ಣಿಸಲು ಅವರು ಬಳಸುವುದೂ 'ಗಾರ್ಜ್ಡ್' ಎಂಬ ಮಾತನ್ನೇ. ಎಷ್ಟೋ ಸಲ ಆ ಪಟ್ಟಿಯಿಂದ ಒಂದು ಸರಪಳಿಯೂ ಇಳಿಬಿದ್ದಿರುತ್ತದೆ. ಚೀಟಿಯಕ್ಕ ಈ ಪದದ ಹಿಂದೆ ನಾಲ್ಕು ತಿಂಗಳು ಅಲೆದರು. 'ಒಳಗೆ ಇಳಿದ್ರೂ ಇದೇ ಪದ, ಹೊರಗೆ ಸುತ್ತಿದ್ರೂ ಇದೇ ಪದ. ಎರಡಕ್ಕೂ ಒಂದು ಕತ್ತು ಇದ್ರೆ ಸಾಕು ನೋಡಪ್ಪ' ಎಂದು ನನ್ನೊಡನೆ ನಗುತ್ತಿದ್ದರು. ಅರ್ಥ ಸಿಕ್ಕಿತ್ತು, ಕಣ್ಣಿಂದ ಕಂಡ ವಾಕ್ಯಗಳು ಸಿಕ್ಕಿರಲಿಲ್ಲ. ಗಂಟಲವರೆಗೆ ತುಂಬಿಕೊಂಡವರನ್ನು ಎಲ್ಲಾದರೂ ನೋಡಬಹುದು. ಕತ್ತಿಗೆ ಕಿರೀಟ ತೊಟ್ಟ ಪ್ರಾಣಿಯನ್ನು ಎಲ್ಲಿಂದ ತರುವುದು ಎಂದು ಅವರು ಚಿಂತೆಯಲ್ಲಿದ್ದಾಗಲೇ ತಾವು ಕಣ್ಣೆದುರಿಗೆ ಬಂದಿರಿ.

ಭವನಕ್ಕೆ ಮೂವತ್ತು ವರ್ಷಗಳಿಂದ ಲಾಂಛನವಿಲ್ಲ ಎಂಬ ಕೊರತೆ ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ. ಚೀಟಿ ಕೋಣೆಯ ಚಾವಣಿ ಸೋರುವುದು, ದೀಪ ಮಿಣುಕುವುದು, ಸಂಜೆಯ ಚಹಾ ನಿಂತು ಹೋದದ್ದು ಇಂಥ ಕ್ಷುಲ್ಲಕ ಸಂಗತಿಗಳಲ್ಲೇ ನಾವು ಮುಳುಗಿದ್ದೆವು. ಆ ಕೊರತೆಯನ್ನು ಕಂಡುಹಿಡಿದವರು ತಾವು. ಕೂಡಲೇ ಒಂಬತ್ತು ಮಂದಿಯ ಸಮಿತಿಯಾಯಿತು, ಪ್ರತಿ ಸಭೆಗೂ ಭೋಜನ ಎಂದಾಯಿತು, ಮತ್ತು ಭೋಜನ ಇರುವಷ್ಟು ದಿನ ತೀರ್ಮಾನ ಆಗಲಾರದು ಎಂಬ ಸಹಜ ನಿಯಮಕ್ಕೆ ಅನುಸಾರವಾಗಿ ಇಲ್ಲಿಯವರೆಗೆ ಹದಿನೇಳು ಸಭೆಗಳಾದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಯಾರೋ ಮೆಟ್ಟಿಲಲ್ಲಿ ಪಿಸುಗುಟ್ಟಿದರಂತೆ. ಅದು ಅನ್ಯಾಯದ ಮಾತು. ತಮ್ಮ ಕಡೆ ಎರಡೂ ಧಾರಾಳವಾಗಿದ್ದವು, ನಮ್ಮ ಕಡೆ ಎರಡೂ ಇರಲಿಲ್ಲ; ಗಾದೆ ಯಾರಿಗೂ ಹೊಂದುವುದಿಲ್ಲ.

ಲಾಂಛನಕ್ಕೆ ಕಿರೀಟ ಇರಲೇಬೇಕೆಂದು ತಾವು ಪಟ್ಟು ಹಿಡಿದಿರಿ. ಸಲಹೆಗೆಂದು ಬಂದಿದ್ದ ಮುದಿ ಲಾಂಛನಕಾರರು, ತಲೆಯ ಮೇಲಿನ ಕಿರೀಟ ಒಂದು ನಿಘಂಟಿನ ಆಫೀಸಿಗೆ ಅತಿಯಾಯಿತು, ಬೇಕಾದರೆ ಕತ್ತಿಗೆ ಹಾಕಿಸಿಕೊಳ್ಳಿ ಎಂದರು. ಸಿಂಹದ ಕತ್ತಿಗೆ ಹಾಕಿದರೆ ಕೇಸರದಲ್ಲಿ ಮುಚ್ಚಿಹೋಗುತ್ತದೆ ಎಂದು ಸಿಂಹ ಹೋಯಿತು. ಆಮೆಯ ಕತ್ತು ಯಾವಾಗ ಒಳಗೆ ಹೋಗುತ್ತದೋ ಹೇಳಲಾಗದು ಎಂದು ಆಮೆ ಹೋಯಿತು. ಒಂಬತ್ತು ಸದಸ್ಯರ ಹೆಸರಿನ ಮೊದಲ ಅಕ್ಷರಗಳೂ ಕಿರೀಟದ ಅಂಚಿನಲ್ಲಿ ಬರಬೇಕು ಎಂಬ ನ್ಯಾಯವಾದ ಬೇಡಿಕೆ ಎದ್ದಾಗ ಒಬ್ಬರು ಜಿರಾಫೆಯನ್ನು ಸೂಚಿಸಿದರು. ಆ ದಿನ ಸಿಹಿತಿಂಡಿ ಮೂರು ಬಗೆಯದಿದ್ದುದರಿಂದ ಚರ್ಚೆ ಮುಂದಕ್ಕೆ ಹೋಯಿತು. ಕೊನೆಗೆ ಹಂಸ ನಿಂತಿತು. ಕತ್ತಿಗೆ ಬಂಗಾರದ ಕಿರೀಟ, ಕಿರೀಟಕ್ಕೆ ಬಂಗಾರದ ಸರಪಳಿ. ಸರಪಳಿಯ ಇನ್ನೊಂದು ತುದಿ ಯಾರ ಕೈಯಲ್ಲಿರುತ್ತದೆ ಎಂದು ಲಾಂಛನಕಾರರನ್ನು ಯಾರೂ ಕೇಳಲಿಲ್ಲ. ಬಂಗಾರದ್ದು ಎಂದ ಮೇಲೆ ಕೇಳುವುದೇನಿದೆ?

ಈ ಸಭೆಗಳ ನಡಾವಳಿಯನ್ನು ದುಂಡಗೆ ಬರೆಯಬಲ್ಲವರು ಎಂಬ ಕಾರಣಕ್ಕೆ ಚೀಟಿಯಕ್ಕನನ್ನು ಕೂರಿಸಲಾಯಿತು. ಹಳೆಯ ಗುರಾಣಿಗಳ ಚಿತ್ರಪುಸ್ತಕ ಹೊತ್ತು ತರುವ ಕೆಲಸ ನನ್ನದು. ಬಡಿಸುವ ಕೆಲಸ, ಎಲ್ಲರೂ ಸೌಟಣ್ಣ ಎಂದು ಕರೆಯುವ, ಗುತ್ತಿಗೆಯವರ ಕಡೆಯಿಂದ ಬರುವ, ಮಾತು ಕಡಿಮೆಯಾದ ಒಬ್ಬ ಹಿರಿಯರದ್ದು. ಹದಿನಾಲ್ಕನೇ ಸಭೆಯ ದಿನ ಗೋಡೆಯ ಮೇಲೆ ಹಂಸದ ದೊಡ್ಡ ಚಿತ್ರ ತೂಗುಬಿದ್ದಿತ್ತು. ಮೇಜಿನ ಮೇಲೆ ಏನೇನಿತ್ತು ಎಂದು ಬರೆದರೆ ಸಂಪಾದಕರು ಜಾಗ ಸಾಲದೆಂದು ಕತ್ತರಿಸುತ್ತಾರೆ. ತಾವು ಹುರಿದ ಮೀನನ್ನು ನಾಲ್ಕನೇ ಸಲ ಬಡಿಸಿಕೊಂಡು, ಸಾಕು ಎನ್ನುವಂತೆ ಕೈ ಅಡ್ಡ ಹಿಡಿದು, ಆ ಕೈಯ ಬೆರಳುಗಳ ನಡುವಿನಿಂದಲೇ ಐದನೆಯದನ್ನು ಸ್ವೀಕರಿಸಿ, ಆಮೇಲೆ ವಂದನಾರ್ಪಣೆಗೆಂದು ಎದ್ದಿರಿ. ತಮ್ಮೊಡನೆ ಕುರ್ಚಿಯೂ ಎದ್ದಿತು. ಕೈಗಳಿರುವ ಕುರ್ಚಿಗಳ ದೋಷವೇ ಅದು. ಅಧ್ಯಕ್ಷರನ್ನು ಒಮ್ಮೆ ಅಪ್ಪಿಕೊಂಡರೆ ಬಿಡುವುದಿಲ್ಲ. ತಾವು ಮತ್ತೆ ಕುಳಿತಿರಿ, ಮತ್ತೆ ಎದ್ದಿರಿ, ಮತ್ತೆ ಕುರ್ಚಿ ಬಂತು. ಕೊನೆಗೆ ಬಲಗಡೆಯಿಂದ ಸೌಟಣ್ಣ, ಎಡಗಡೆಯಿಂದ ನಾನು, ಕಂಕುಳಿಗೆ ಕೈ ಕೊಟ್ಟು, ಕುರ್ಚಿಯ ಕಾಲನ್ನು ತುಳಿದು ಹಿಡಿದು, ತಮ್ಮನ್ನು ಮೇಲೆತ್ತಿದೆವು. ನನ್ನ ಎಡಭುಜದಲ್ಲಿ ಏನೋ ಚಟ್ಟೆಂದಿತು.

ಚೀಟಿಯಕ್ಕ ಅಂದು ಕಂಡದ್ದು ಒಂದೇ ಪದದ ಎರಡೂ ಅರ್ಥಗಳನ್ನು, ಒಂದೇ ಕೋಣೆಯಲ್ಲಿ, ಹತ್ತಡಿ ಅಂತರದಲ್ಲಿ. ನಿಘಂಟಿನವರ ಜೀವಮಾನದಲ್ಲಿ ಇಂಥದ್ದು ಒಮ್ಮೆ ಆದರೆ ಹೆಚ್ಚು. ಬೇರೆ ಯಾವ ಆಫೀಸಿನವರಾದರೂ ಇದನ್ನು ಕಂಡು ಮನೆಗೆ ಹೋಗಿ ಹೇಳಿ ನಕ್ಕು ಮರೆಯುತ್ತಿದ್ದರು. ದಿನ, ಜಾಗ ಸಮೇತ ಬರೆದಿಟ್ಟು ಸಹಿ ಹಾಕುವ ತಪ್ಪನ್ನು ನಮ್ಮವರು ಮಾತ್ರ ಮಾಡಬಲ್ಲರು. ಅವರು ಬರೆದ ಮೊದಲ ವಾಕ್ಯ ಇದು: 'ಲಾಂಛನ ಸಮಿತಿಯ ಹದಿನಾಲ್ಕನೇ ಸಭೆಯ ಭೋಜನದಲ್ಲಿ ಒಬ್ಬರು ಗಂಟಲವರೆಗೆ ತುಂಬಿಕೊಂಡಿದ್ದರಿಂದ ಅವರನ್ನು ಕುರ್ಚಿಯಿಂದ ಇಬ್ಬರು ಎತ್ತಬೇಕಾಯಿತು.' ಎರಡನೆಯದು: 'ಅದೇ ಕೋಣೆಯ ಗೋಡೆಯ ಚಿತ್ರದಲ್ಲಿ ಹಂಸವೊಂದು ಕತ್ತಿನ ಸುತ್ತ ಕಿರೀಟ ತೊಟ್ಟಿತ್ತು.' ಹೆಸರಿಲ್ಲ, ಹುದ್ದೆಯಿಲ್ಲ, ಮೀನಿನ ಲೆಕ್ಕವೂ ಇಲ್ಲ. ಚೀಟಿಯನ್ನು ನನ್ನ ಮುಂದಿಟ್ಟು ಎರಡನೇ ಸಹಿ ಕೇಳಿದರು. ನಾನು ನಕ್ಕು, ನಾಳೆ ಹಾಕುತ್ತೇನೆ ಅಕ್ಕ ಎಂದೆ. ಅಚ್ಚಿಗೆ ಹೋಗುವ ಮೊದಲು ಬಿದ್ದರೆ ಸಾಕೆಂಬ ರೂಢಿಯಿರುವುದರಿಂದ ಚೀಟಿ ನನ್ನ ಸಹಿಯಿಲ್ಲದೆಯೇ ಕರಡು ಪುಟಕ್ಕೆ ಹೋಯಿತು.

ಕರಡು ಪುಟಗಳನ್ನು ತಾವು ಎಂದೂ ಓದುವವರಲ್ಲ. ಅಂದು ಅದೇಕೆ ಓದಿದಿರೋ ತಿಳಿಯದು. ಬಹುಶಃ ಅದರಲ್ಲಿ ಏನನ್ನೋ ಸುತ್ತಿ ಕಳುಹಿಸಿದ್ದರು. ಸಭೆಗೆ ಬಂದಿದ್ದ ಒಂಬತ್ತು ಮಂದಿಯಲ್ಲಿ ಆ ವಾಕ್ಯ ತನ್ನದೆಂದು ಗುರುತಿಸಿಕೊಂಡವರು ತಾವೊಬ್ಬರೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಬಗ್ಗೆ ಕೇಳಿದ್ದೆವು; ಹೊಟ್ಟೆ ಮುಟ್ಟಿ ನೋಡಿಕೊಂಡವರನ್ನು ತಮ್ಮ ದಯೆಯಿಂದ ಕಂಡೆವು. ಚೀಟಿಯಕ್ಕನಿಗೆ ನೋಟಿಸು ಹೋಯಿತು. ಇಲ್ಲದ ಘಟನೆಯನ್ನು ಕಲ್ಪಿಸಿದ್ದಾರೆ, ಉಂಡ ಮನೆಯ ಜಂತೆ ಎಣಿಸಿದ್ದಾರೆ ಎಂದು ಅದರಲ್ಲಿತ್ತು. ಮಾನ್ಯರೇ, ಹದಿನೇಳು ಸಭೆಗಳಲ್ಲೂ ಅವರು ಮನೆಯಿಂದ ತಂದ ಡಬ್ಬಿಯನ್ನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಉಂಡು ಒಳಗೆ ಬಂದವರು. ಮೆಟ್ಟಿಲಿಗೆ ಜಂತೆಯಿಲ್ಲ.

ಪರಿಹಾರವನ್ನೂ ತಾವೇ ಸೂಚಿಸಿದಿರಿ. ಆ ವಾಕ್ಯವನ್ನು ತೆಗೆದು 'ಹುಲಿಯು ಬೇಟೆಯನ್ನು ಕಂಠಪೂರ್ತಿ ತಿಂದು ಮಲಗಿತು' ಎಂದು ಹಾಕಿದರೆ ಎಲ್ಲವೂ ಮುಗಿಯಿತು. ಇಲ್ಲವಾದರೆ 'ಜಿ' ಸಂಪುಟದ ಮೊದಲ ಪುಟದಲ್ಲಿ ಅವರ ಹೆಸರು ಬರುವುದಿಲ್ಲ. ಒಂದು ಅಕ್ಷರವನ್ನು ಪೂರ್ತಿ ಬರೆದವರ ಹೆಸರು ಆ ಸಂಪುಟದ ಮೊದಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವುದು ನಮ್ಮ ಭವನದ ಏಕೈಕ ಸನ್ಮಾನ. ಹೂಮಾಲೆಯಿಲ್ಲ, ಭಾಷಣವಿಲ್ಲ, ಅರ್ಧ ಸಾಲು ಅಷ್ಟೆ. ಚೀಟಿಯಕ್ಕ ಐದು ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಇನ್ನೊಂದು ಅಕ್ಷರ ಬರೆಯಲು ಅವರಿಗೆ ಆಯುಷ್ಯವಿದ್ದರೂ ನೌಕರಿಯಿಲ್ಲ. ಆ ಅರ್ಧ ಸಾಲಿನ ಬಗ್ಗೆ ಅವರು ಬಾಯಿಬಿಟ್ಟು ಆಡಿದವರಲ್ಲ. ಆದರೆ ಒಮ್ಮೆ ಹಳೆಯ ಸಂಪುಟವೊಂದನ್ನು ತೆರೆದು, ಹೆಸರು ಬರುವ ಜಾಗದ ಮೇಲೆ ಬೆರಳಿಟ್ಟು, ತಮ್ಮ ಹೆಸರು ಅದರಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಅಳೆಯುತ್ತಿದ್ದುದನ್ನು ನಾನು ಕಂಡಿದ್ದೇನೆ. ನನ್ನನ್ನು ನೋಡಿ ಪುಸ್ತಕ ಮುಚ್ಚಿದರು.

ಅಂಥವರು ತಮ್ಮ ಹುಲಿಯನ್ನು ಒಪ್ಪಲಿಲ್ಲ. ತಮ್ಮ ಕೋಣೆಯಲ್ಲಿ ನಿಂತು ಅವರು ಹೇಳಿದ್ದು ಎರಡೇ ಮಾತು: 'ಹುಲಿ ತಿಂದಿದ್ದನ್ನ ನಾನು ನೋಡಿಲ್ಲ ಸಾರ್. ನೋಡಿದ್ದನ್ನ ಬರೆದಿದೀನಿ.' ಅದಕ್ಕೆ ತಾವು ಲಾಂಛನ ಸಮಿತಿಯಿಂದಲೇ ಮೂವರನ್ನು ಆರಿಸಿ ವಿಚಾರಣೆಗೆ ಕೂರಿಸಿದಿರಿ. ಘಟನೆ ನಡೆದ ಕೋಣೆಯಲ್ಲೇ, ಅದೇ ಮೇಜಿನ ಸುತ್ತ, ಸೂಪು ಕುಡಿಯುತ್ತ ಅವರು ಸತ್ಯವನ್ನು ಶೋಧಿಸಿದರು. ಈ ನಿಷ್ಪಕ್ಷಪಾತವನ್ನು ಎಷ್ಟು ಹೊಗಳಿದರೂ ಕಡಿಮೆ. ತಮ್ಮ ಊಟವನ್ನು ಉಣ್ಣುತ್ತಲೇ ತಮ್ಮ ಊಟದ ಬಗ್ಗೆ ವಿಚಾರಣೆ ನಡೆಸಲು ಎಂಥ ಸಂಯಮ ಬೇಕು. ಸಾಕ್ಷಿಯೆಂದು ನನ್ನನ್ನು ಕರೆದರು. ನಿರ್ದೇಶಕರನ್ನು ನೀನು ಎತ್ತಿದ್ದು ನಿಜವೇ ಎಂದು ಕೇಳಿದರು.

ಇಲ್ಲಿಗೆ ಆ ಅಸಲು ಮಾತು ಬಂತು. ಆ ಬೆಳಿಗ್ಗೆಯೇ ತಮ್ಮ ಆಪ್ತ ಸಹಾಯಕರು ನನ್ನ ಬಳಿ ಬಂದು, ಚೀಟಿಯಕ್ಕನ ಮೊದಲನೇ ಮೇಜು ಖಾಲಿಯಾಗುವಂತಿದೆ, ನಿನ್ನ ಹೆಸರು ಸಾಹೇಬರ ಬಾಯಲ್ಲಿದೆ ಎಂದು ಹೇಳಿ ಹೋಗಿದ್ದರು. ತಮ್ಮ ಬಾಯಲ್ಲಿ ಅಷ್ಟೆಲ್ಲ ಇರುವಾಗ ನನ್ನ ಹೆಸರಿಗೂ ಜಾಗ ಸಿಕ್ಕಿತಲ್ಲ ಎಂದು ನಾನು ಪುಳಕಗೊಂಡಿದ್ದೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ. ನನಗೆ ಆ ಸಂಕಟವೂ ಇರಲಿಲ್ಲ, ಅತ್ತ ಅಕ್ಕ ಇದ್ದರು, ಇತ್ತ ಮೇಜು ಇತ್ತು. 'ನೆನಪಿಲ್ಲ' ಎಂದೆ. ನನ್ನ ಎಡಭುಜಕ್ಕೆ ಹಚ್ಚಿದ್ದ ಮುಲಾಮಿನ ವಾಸನೆ ಆಗ ಆ ಕೋಣೆಯನ್ನೆಲ್ಲ ತುಂಬಿತ್ತು. ವಿಚಾರಣೆಯ ಮೂವರೂ ಅದನ್ನು ಮೂಸಿಕೊಂಡೇ 'ಸಾಕ್ಷಿಗೆ ನೆನಪಿಲ್ಲ' ಎಂದು ಬರೆದುಕೊಂಡರು. ಚೀಟಿಯಕ್ಕ ನನ್ನ ಕಡೆ ಒಮ್ಮೆ ನೋಡಿ, ನಡಾವಳಿ ಬರೆಯುವುದು ಅಂದೂ ಅವರ ಕೆಲಸವೇ ಆಗಿದ್ದುದರಿಂದ, ನಾನು ಅಂದದ್ದನ್ನು ಹಾಗೆಯೇ ದುಂಡಗೆ ಬರೆದರು. ಮಾನ್ಯರೇ, ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ. ತಮ್ಮ ಮೇಲಿನ ನನ್ನ ಸಿಟ್ಟಿನ ಅರ್ಧಭಾಗ ನನ್ನ ಮೇಲಿನದೇ ಎಂದು ಓದುಗರು ಈ ಹೊತ್ತಿಗೆ ಊಹಿಸಿರಬಹುದು. ಅವರ ಊಹೆ ಸರಿ.

ಎರಡನೇ ಸಹಿಯಿಲ್ಲದ ಚೀಟಿ ಬಿದ್ದುಹೋಯಿತು, ಅದರೊಂದಿಗೆ ಅಕ್ಕನ ಹೆಸರೂ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಯಿಗೆ ಬಂದ ಯಾವ ತುತ್ತನ್ನೂ ಹಿಂದೆ ಕಳುಹಿಸದ ತಮಗೆ ಈ ಮಾತಿನ ನೋವು ತಿಳಿಯುವುದು ಕಷ್ಟ. ಅವರನ್ನು ನೆಲಮಾಳಿಗೆಯ ಉಗ್ರಾಣಕ್ಕೆ, ಮಾರಾಟವಾಗದ ಸಂಪುಟಗಳ ನಡುವೆ, ನೀರಿನ ಪಂಪಿನ ಪಕ್ಕಕ್ಕೆ ಕಳುಹಿಸಿದಿರಿ. ಅದರ ಜೊತೆಗೆ, 'ಜಿ' ಮುಗಿಯುವವರೆಗೆ ಅಲ್ಲಿಂದಲೇ ಚೀಟಿ ಬರೆದುಕೊಡತಕ್ಕದ್ದು ಎಂಬ ಆಜ್ಞೆಯೂ ಹೋಯಿತು. ಚೀಟಿ ಬೇಕು, ಹೆಸರು ಬೇಡ. ನಾನು ಅವರ ಮೇಜಿಗೆ ಬಂದೆ; ಅದರ ಮೇಲೆ ಅವರ ಮೊಣಕೈ ಊರಿ ಊರಿ ಆದ ನುಣುಪು ಇನ್ನೂ ಇದೆ. ಮರುದಿನ ಮೆಟ್ಟಿಲಲ್ಲಿ ಎದುರಾದಾಗ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕೇಳಿದ್ದು, 'ಭುಜ ಹೇಗಿದೆಯಪ್ಪ ಈಗ?'

ಆದ್ದರಿಂದ ಕೆಲವು ನಮ್ರ ಕೋರಿಕೆಗಳು. ಆ ಘಟನೆ ನಡೆದೇ ಇಲ್ಲ ಎಂಬುದು ತಮ್ಮ ನಿಲುವಾಗಿರುವುದರಿಂದ, ಅದೇ ಕುರ್ಚಿಯನ್ನು ಭವನದ ಮುಂದಿನ ಅಂಗಳದಲ್ಲಿ ಹಾಕಿಸಿ, ಅದೇ ಊಟವನ್ನು ಅಷ್ಟೇ ಸಲ ಬಡಿಸಿಕೊಂಡು, ಸಾರ್ವಜನಿಕರ ಎದುರು ಯಾರ ನೆರವೂ ಇಲ್ಲದೆ ಎದ್ದು ತೋರಿಸಬೇಕು. ಕುರ್ಚಿ ಕೆಳಗೆ ಉಳಿದರೆ ನಾನು ತಲೆಬಾಗುತ್ತೇನೆ. ಅದು ಆಗದಿದ್ದಲ್ಲಿ, ಇಂಗ್ಲಿಷರಿಗೆ ಒಂದು ನೋಟಿಸು ಕಳುಹಿಸಿ, ಇನ್ನು ಮುಂದೆ ಗಂಟಲು ಮತ್ತು ತಿನ್ನುವುದರ ನಡುವೆ ಯಾವ ಸಂಬಂಧವನ್ನೂ ಇಟ್ಟುಕೊಳ್ಳಕೂಡದೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕು. ತಾವು ಸೂಚಿಸಿದ ಹುಲಿಯನ್ನು ದಿನ, ಜಾಗಗಳ ಸಮೇತ ಹಾಜರುಪಡಿಸಿ, ಅದು ಕಂಠಪೂರ್ತಿ ತಿನ್ನುವಾಗ ತಾವು ಪಕ್ಕದಲ್ಲೇ ನಿಂತು ಮೊದಲ ಸಹಿ ಹಾಕಬೇಕು. ಎರಡನೇ ಸಹಿಗೆ ಸಮಿತಿಯ ಉಳಿದ ಎಂಟು ಮಂದಿಯಲ್ಲಿ ಯಾರನ್ನಾದರೂ ಹುಲಿಯೇ ಆರಿಸಿಕೊಳ್ಳಲಿ. ಇದ್ಯಾವುದೂ ಸಾಧ್ಯವಿಲ್ಲವಾದರೆ ಗೋಡೆಯ ಹಂಸವನ್ನೇ ಸಾಕ್ಷಿಗೆ ಕರೆಯಬಹುದು. ಕತ್ತಿಗೆ ಕಿರೀಟ, ಕಿರೀಟಕ್ಕೆ ಸರಪಳಿ ಹಾಕಿಸಿಕೊಂಡು ಸುಮ್ಮನಿರುವುದನ್ನು ನನ್ನಷ್ಟೇ ಚೆನ್ನಾಗಿ ಕಲಿತ ಪ್ರಾಣಿ ಅದು. ನೆನಪಿಲ್ಲ ಎಂದೇ ಹೇಳುತ್ತದೆ.

ಕಳೆದ ಸೋಮವಾರ ನಾನು ಉಗ್ರಾಣಕ್ಕೆ ಇಳಿದು ಹೋದೆ. ಎರಡು ತಿಂಗಳು ತಡವಾಗಿಯಾದರೂ ಆ ಚೀಟಿಗೆ ಎರಡನೇ ಸಹಿ ಹಾಕಿಬಿಡುತ್ತೇನೆ, ಆದದ್ದಾಗಲಿ ಎಂದು ನಿರ್ಧರಿಸಿ, ದಾರಿಯುದ್ದಕ್ಕೂ ನನ್ನ ಧೈರ್ಯವನ್ನು ನಾನೇ ಮೆಚ್ಚಿಕೊಳ್ಳುತ್ತ ಹೋದೆ. ಪಂಪಿನ ಸದ್ದಿನಲ್ಲಿ ಅಕ್ಕ ಬರೆಯುತ್ತಿದ್ದರು; ಪಕ್ಕದಲ್ಲಿ ಸಂಪುಟಗಳ ರಾಶಿಯ ಮೇಲೆ ಸೌಟಣ್ಣ ಕುಳಿತಿದ್ದರು. ನಾನು ಬಂದ ಕಾರಣ ಹೇಳಿ ಪೆನ್ನು ತೆರೆದೆ. ಅಕ್ಕ ಚೀಟಿ ತೆಗೆದು ತೋರಿಸಿದರು. ಎರಡನೇ ಸಹಿಯ ಜಾಗದಲ್ಲಿ, ಒಂದೊಂದು ಅಕ್ಷರವನ್ನೂ ಬೇರೆ ಬೇರೆ ದಿನ ಬರೆದಂತೆ, ಒತ್ತಿ ಒತ್ತಿ ಬರೆದ ಒಂದು ಸಹಿ ಆಗಲೇ ಇತ್ತು. ವಿಚಾರಣೆಯ ದಿನ ಆ ಮೂವರಿಗೂ ಸೂಪು ಬಡಿಸಿದವರು ಸೌಟಣ್ಣನೇ. ಅವರೂ ಎತ್ತಿದವರೆಂದು ಗೊತ್ತಿದ್ದೂ, ನೌಕರರ ಪಟ್ಟಿಯಲ್ಲಿ ಇಲ್ಲದವರನ್ನು ಕೇಳುವುದೇನು ಎಂದು ಬಿಟ್ಟಿದ್ದರು. ಹಿರಿಯರ ಕಟ್ಟುಪಾಡಿನಲ್ಲಿ ನೌಕರರು ಎಂಬ ಮಾತಿಲ್ಲ, ಅಲ್ಲಿದ್ದವರು ಎಂದಷ್ಟೇ ಇದೆ. ಸೌಟಣ್ಣ ಹೇಳಿದ್ದು ಇಷ್ಟು: 'ನನ್ನ ಯಾರೂ ಕೇಳ್ಲಿಲ್ಲ ಸ್ವಾಮಿ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಬಲಗಡೆ ನಾನೇ ಇದ್ದೆ.' ಸಹಿ ಕಲಿಯಲು ಅವರು ಹದಿನೈದು ದಿನ ಊಟದ ಬಿಡುವಿನಲ್ಲಿ ಅಕ್ಕನ ಬಳಿ ಕುಳಿತಿದ್ದರಂತೆ. ನಾನು ಪೆನ್ನು ಹಿಡಿದು ನಿಂತೇ ಇದ್ದೆ. ಅಕ್ಕ ಮೆಲ್ಲಗೆ ಹೇಳಿದರು, 'ಚೀಟೀಲಿ ಇನ್ನು ಜಾಗ ಇಲ್ಲಪ್ಪ.'

ಚೀಟಿಗೆ ಎರಡು ಸಹಿಗಳಾಗಿವೆ, ಭವನದ ಕಟ್ಟುಪಾಡಿನಂತೆ ಅದು ನಿಂತಿದೆ. ಅದು ನಿಂತಿತೆಂದ ಮೇಲೆ ವಿಚಾರಣೆ ಬಿತ್ತು, ಮತ್ತು 'ಜಿ' ಸಂಪುಟದ ಮೊದಲ ಪುಟದಲ್ಲಿ ಚೀಟಿಯಕ್ಕನ ಹೆಸರು ಬರಬೇಕು. ಇದು ಮೇಲಿನ ಕೋರಿಕೆಗಳಂತೆ ತಮಾಷೆಯದಲ್ಲ. ಮೊದಲನೇ ಮೇಜನ್ನು ನಾನು ಇಂದು ಬೆಳಿಗ್ಗೆ ಒರೆಸಿ ಖಾಲಿ ಮಾಡಿ ಬಂದಿದ್ದೇನೆ. ಚೀಟಿಯಲ್ಲಿ ನನಗೆ ಜಾಗ ಸಿಗಲಿಲ್ಲವಾದ್ದರಿಂದ, ಹಾಕಬೇಕಾದ ದಿನ ಹಾಕದ ಸಹಿಯನ್ನು ಊರೆಲ್ಲ ಓದುವ ಈ ಜಾಗದಲ್ಲಿ ಹಾಕುತ್ತಿದ್ದೇನೆ. ಹೌದು, ಎತ್ತಿದ್ದೆ. ಭಾರವಿತ್ತು.

ತಮ್ಮ ಆರೋಗ್ಯವನ್ನೂ ಅದಕ್ಕೆ ಪೂರಕವಾದ ಉಪವಾಸವನ್ನೂ ಬಯಸುವ,
ತಮ್ಮ ವಿಶ್ವಾಸಿ,
ಎಡಗಡೆಯಿಂದ ಎತ್ತಿದವನು

ತಾ.ಕ.: 'ಜಿ' ಅಕ್ಷರದ ಕೆಲಸ ನಿಂತಿಲ್ಲ. ಈ ವಾರ ಚೀಟಿಯಕ್ಕ 'ಗಿಲ್ಟ್' ಎಂಬ ಪದಕ್ಕೆ ಬಂದಿದ್ದಾರೆ. ಮಾಡಿದ ತಪ್ಪು ಮಾಡಿದವನನ್ನೇ ಒಳಗಿಂದ ಕೊರೆಯುವುದು ಎಂದು ಅರ್ಥ. ಅದರ ಉದಾಹರಣೆಗೆ ವಿಚಾರಣೆಯ ದಿನದ ನನ್ನ ಉತ್ತರವನ್ನೇ ನಾನು ಬರೆದುಕೊಟ್ಟು ಮೊದಲ ಸಹಿ ಹಾಕಿದ್ದೇನೆ. ಎರಡನೆಯದಕ್ಕೆ ತಮ್ಮನ್ನು ಕೇಳೋಣವೇ ಎಂದಾಗ ಅಕ್ಕ, ಆ ಪದವನ್ನು ಕಂಡವರ ಸಹಿ ಮಾತ್ರ ನಡೆಯುತ್ತದೆ ಎಂದರು.